ಹಳೇ ಗಿಟಾರ್ ಗುರುತಿಸುವುದು ಹೇಗೆ? ಮೊದಲು ಹೊಟ್ಟೆ ನೋಡಿ, ತಲೆ ಆಮೇಲೆ

ವಾರಕ್ಕೆ ಎರಡು ಮೂರಾದರೂ ಫೋಟೋ ನನ್ನ ವಾಟ್ಸಾಪ್‌ಗೆ ಬರುತ್ತವೆ. ಬಾಗಲಕೋಟೆ ನವನಗರದಿಂದ, ವಿಜಯಪುರದಿಂದ, ಇಲ್ಲೇ ಬೆಳಗಾವಿ ಟಿಳಕವಾಡಿಯಿಂದ. ಎಲ್ಲ ಫೋಟೋದಲ್ಲೂ ಗಿಟಾರಿನ ತಲೆ, ಅಂದರೆ ತಂತಿ ಬಿಗಿಯುವ ತುದಿ, ಮಾತ್ರ. ಕೆಳಗೆ ಒಂದೇ ಪ್ರಶ್ನೆ: "ಇದು ಯಾವ ವರ್ಷದ್ದ್ರೀ? ಎಷ್ಟು ಕೊಡಬಹುದು?"

ತಲೆ ನೋಡಿ ಉತ್ತರ ಹೇಳಲು ಆಗುವುದಿಲ್ಲ. ತಲೆಯ ಮೇಲಿನ ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು. ಹೊಟ್ಟೆಯೊಳಗಿನ ಮರ, ಅಂಟು, ಮುದ್ರೆ ಬದಲಾಯಿಸುವುದು ಕಷ್ಟ. ಎಲ್ಲರೂ ಎಡವುವುದು ಇಲ್ಲೇ. ಹೆಸರು ಓದುತ್ತಾರೆ, ಮಾರುವವರ ಕಥೆ ಕೇಳುತ್ತಾರೆ, ಮನಸ್ಸಿನಲ್ಲಿ ಬೆಲೆ ಕಟ್ಟುತ್ತಾರೆ. ಒಳಗೆ ಇಣುಕುವುದು ಮನೆಗೆ ತಂದ ಮೇಲೆ.

ನಾನೂ ಹಾಗೇ ಎಡವಿದವನು. ಬೆಳಗಾವಿ ಕ್ಯಾಂಪ್ ಕಡೆ ಒಬ್ಬರು "ನಮ್ಮ ಅಜ್ಜಾರದು ರೀ, ಸಿಕ್ಸ್ಟೀಸ್ ಜರ್ಮನ್ ಮಾಲ ಐತಿ" ಅಂದರು. ಹೊರಗೆ ಜೋರು ಮಳೆ, ಮನೆಯಲ್ಲಿ ಕರೆಂಟ್ ಇಲ್ಲ. ಮೊಬೈಲ್ ಬೆಳಕಲ್ಲಿ ಹೆಸರು ಓದಿ ದುಡ್ಡು ಕೊಟ್ಟೆ. ಮಾರನೇ ದಿನ ತಂತಿ ಬಿಚ್ಚಿ ಒಳಗೆ ನೋಡಿದರೆ ಲೇಬಲ್‌ನಲ್ಲಿ ಕಲ್ಕತ್ತಾ ವಿಳಾಸ, ಜೊತೆಗೆ ಆರು ಅಂಕಿಯ ಪಿನ್ ಕೋಡ್. ಪಿನ್ ಕೋಡ್ ಶುರುವಾಗಿದ್ದೇ 1972ರ ಆಗಸ್ಟ್ 15ಕ್ಕೆ. ಅಜ್ಜಾರ ಅರವತ್ತರ ದಶಕ ಅಲ್ಲಿಗೇ ಮುಗಿಯಿತು.

ಅದಕ್ಕೇ ಕೆಳಗಿನ ಕ್ರಮ. ಹಂತ ಹಿಂದೆ ಮುಂದೆ ಮಾಡಬೇಡಿ.

ಕೈಯಲ್ಲಿ ಏನೇನು ಇರಬೇಕು

ಹಲ್ಲಿನ ಡಾಕ್ಟರ್ ಬಳಸುತ್ತಾರಲ್ಲ, ಆ ಉದ್ದ ಹಿಡಿಕೆಯ ಪುಟ್ಟ ಕನ್ನಡಿ. ಸಣ್ಣ ಟಾರ್ಚ್. ಅರ್ಧ ಮಿಲಿಮೀಟರ್ ಗೆರೆ ಇರುವ 15 ಸೆಂಟಿಮೀಟರ್‌ನ ಸ್ಟೀಲ್ ಸ್ಕೇಲ್, ಇನ್ನೊಂದು ಅರ್ಧ ಮೀಟರ್ ಉದ್ದದ್ದು. ಟೇಪು. ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಟಾರ್ಚ್. ಮೊಬೈಲ್‌ನಲ್ಲಿ ಟ್ಯೂನರ್ ಆ್ಯಪ್. ಜೇಬಿನಲ್ಲಿ ಒಂದು ಹಳೇ ಬಸ್ ಟಿಕೆಟ್. ಟಿಕೆಟ್ ಯಾಕೆ ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಗಲಲ್ಲಿ ಹೋಗಿ. "ಸಂಜೆ ಬರ್ರಿ" ಅಂದರೆ ಮರುದಿನ ಬೆಳಿಗ್ಗೆ ಬರುತ್ತೇನೆ ಅನ್ನಿ.

ಹಂತ 1: ಯಾವ ಜಾತಿಯ ಗಿಟಾರ್?

ನಮ್ಮ ಕಡೆ ಅಂಗಡಿಗಳಲ್ಲಿ ಇವತ್ತಿಗೂ "ಸ್ಪ್ಯಾನಿಶ್" ಮತ್ತು "ಹವಾಯಿಯನ್" ಅಂತ ಎರಡೇ ವಿಂಗಡಣೆ. ಸ್ಪ್ಯಾನಿಶ್ ಅಂದರೆ ಬೆರಳಿಂದ ಫ್ರೆಟ್ (ಕುತ್ತಿಗೆಯ ಮೇಲೆ ಅಡ್ಡಡ್ಡ ಇರುವ ಲೋಹದ ಗೆರೆ) ಒತ್ತಿ ನುಡಿಸುವುದು. ಹವಾಯಿಯನ್ ಅಂದರೆ ತೊಡೆಯ ಮೇಲೆ ಮಲಗಿಸಿ ಸ್ಟೀಲ್ ರಾಡ್ ಜಾರಿಸುವುದು. ಈ ಸ್ಪ್ಯಾನಿಶ್‌ನಲ್ಲಿ ಮತ್ತೆ ಎರಡು ಇವೆ: ಸ್ಟೀಲ್ ತಂತಿಯದ್ದು, ನೈಲಾನ್ ತಂತಿಯದ್ದು.

ಹಳೇ ಮನೆಗಳಲ್ಲಿ ಸಿಗುವ ಗಿಟಾರಿನ ತಂತಿ ಫ್ರೆಟ್‌ನಿಂದ ಒಂದು ಬೆರಳು ಮೇಲಿದ್ದರೆ, ಕುತ್ತಿಗೆ ಬಾಗಿದೆ ಅಂತ ಬಿಟ್ಟು ಬರಬೇಡಿ. ಅದು ಹವಾಯಿಯನ್ ಇರಬಹುದು. ಕುತ್ತಿಗೆಯ ಹಿಂಭಾಗ ಚೌಕವಾಗಿದ್ದರೆ ಅದು ಹುಟ್ಟಿದ್ದೇ ಹಾಗೆ, ಸ್ಪ್ಯಾನಿಶ್ ಆಗುವುದಿಲ್ಲ. ಹಿಂಭಾಗ ದುಂಡಗಿದ್ದು, ಮೇಲೆ ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಸಣ್ಣ ಪಟ್ಟಿ) ಹತ್ತಿರ ಲೋಹದ ಪಟ್ಟಿ ಕೂರಿಸಿದ್ದರೆ ಅದು ಸ್ಪ್ಯಾನಿಶ್ ಗಿಟಾರ್. ಯಾರೋ ತಂತಿ ಎತ್ತರಿಸಿ ಹವಾಯಿಯನ್ ಮಾಡಿಕೊಂಡಿದ್ದಾರೆ. ಪಟ್ಟಿ ತೆಗೆದರೆ ತಂತಿ ಕೆಳಗೆ ಕೂರುತ್ತದೆ. ಇಂಥ ಗಿಟಾರ್ ಸಿಕ್ಕರೆ ಅದೃಷ್ಟ, ಯಾಕೆಂದರೆ ಫ್ರೆಟ್ ಸವೆದೇ ಇರುವುದಿಲ್ಲ.

ನೈಲಾನ್ ಗಿಟಾರ್ ಗುರುತು: ನಟ್ ಹತ್ತಿರ ಕುತ್ತಿಗೆ ಅಗಲ, ಸುಮಾರು 52 ಮಿಲಿಮೀಟರ್. ಸ್ಟೀಲ್ ಗಿಟಾರಿನದ್ದು 43ರ ಆಸುಪಾಸು. ಬ್ರಿಡ್ಜ್‌ನಲ್ಲಿ (ಬಾಡಿಯ ಮೇಲೆ ತಂತಿಯ ಕೊನೆ ಹಿಡಿದಿಡುವ ಮರದ ತುಂಡು) ಪಿನ್ ಇರುವುದಿಲ್ಲ, ತಂತಿಯನ್ನು ಗಂಟು ಹಾಕಿರುತ್ತಾರೆ. ಇದಕ್ಕೆ ಸ್ಟೀಲ್ ತಂತಿ ಹಾಕಿದ್ದು ಕಂಡರೆ ಅದು ಮೊದಲ ಎಚ್ಚರಿಕೆ. ಸ್ಟೀಲ್ ತಂತಿಯ ಎಳೆತ ತಡೆಯುವಷ್ಟು ಗಟ್ಟಿಯಾಗಿ ಅದನ್ನು ಕಟ್ಟಿರುವುದಿಲ್ಲ. ಬ್ರಿಡ್ಜ್ ಏಳುತ್ತದೆ, ಟಾಪ್, ಅಂದರೆ ಬಾಡಿಯ ಮುಂಭಾಗದ ಹಲಗೆ, ಉಬ್ಬುತ್ತದೆ. ನಮ್ಮೂರಲ್ಲಿ ಹಾಳಾದ ಒಳ್ಳೇ ಗಿಟಾರ್‌ಗಳಲ್ಲಿ ಅರ್ಧ ಇದೇ ತಪ್ಪಿನಿಂದ ಹೋದವು ಅನ್ನಿಸುತ್ತದೆ ನನಗೆ.

ಹಂತ 2: ಹೊಟ್ಟೆಯೊಳಗೆ

ತಂತಿ ಸಡಿಲ ಮಾಡಿಸಿ. ಮಾರುವವರು ಒಪ್ಪದಿದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ಸೌಂಡ್ ಹೋಲ್‌ನಲ್ಲಿ (ಟಾಪ್ ನಡುವಿನ ತೂತು) ಮೊದಲು ಟಾರ್ಚ್, ಆಮೇಲೆ ಕನ್ನಡಿ. ಬಗ್ಗಿ ವಾಸನೆಯನ್ನೂ ನೋಡಿ. ಒಣ ಮರದ ವಾಸನೆ ಸರಿ. ಮಳೆಗಾಲದ ಗೋಣಿಚೀಲದ ವಾಸನೆ ಬಂದರೆ ಬೂಷ್ಟು ಇದೆ.

ಮೂರು ಜಾಗ ನೋಡಬೇಕು. ಒಂದು, ಕುತ್ತಿಗೆ ಬಾಡಿಗೆ ಸೇರುವ ಒಳಗಿನ ಮರದ ತುಂಡು. ಅದನ್ನು ಬ್ಲಾಕ್ ಅನ್ನುತ್ತಾರೆ. ಮುದ್ರೆ, ಸಂಖ್ಯೆ ಅಲ್ಲಿರಬಹುದು. ಎರಡು, ಹಿಂಭಾಗದ ಒಳಮೈ, ಅಂದರೆ ಲೇಬಲ್ ಅಂಟಿಸುವ ಜಾಗ. ಮೂರನೆಯದನ್ನು ಜನ ಮರೆಯುತ್ತಾರೆ: ಟಾಪ್‌ನ ಒಳಮೈ. ಕನ್ನಡಿಯನ್ನು ಮೇಲ್ಮುಖ ಮಾಡಿ ಹಿಡಿದರೆ ಒಳಗಿನ ಪಟ್ಟಿಗಳು ಕಾಣುತ್ತವೆ.

ಸ್ಟೀಲ್ ತಂತಿಯ ಒಳ್ಳೇ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ದೊಡ್ಡ ಎರಡು ಪಟ್ಟಿ ಒಂದನ್ನೊಂದು ದಾಟಿ ಗುಣಾಕಾರದ ಚಿಹ್ನೆ ಹಾಗೆ ಹೋಗಿರುತ್ತವೆ. ಅಗ್ಗದ ಹಳೇ ಗಿಟಾರ್‌ಗಳಲ್ಲಿ ಪಟ್ಟಿಗಳು ಏಣಿಯ ಮೆಟ್ಟಿಲ ಹಾಗೆ ಅಡ್ಡಡ್ಡ ಇರುತ್ತವೆ. ಹೊರಗೆ ದೊಡ್ಡ ಅಮೆರಿಕನ್ ಹೆಸರಿನ ಡ್ರೆಡ್‌ನಾಟ್ (ದೊಡ್ಡ ಬಾಡಿಯ ಗಿಟಾರ್), ಒಳಗೆ ಏಣಿ ಪಟ್ಟಿ ಅಂದರೆ ಅನುಮಾನ ಪಡಿ.

ಅಲ್ಲೇ ಅಂಟನ್ನೂ ನೋಡಿ. ಪಟ್ಟಿಯ ಬುಡದಲ್ಲಿ ಬಿಳಿ ಅಂಟು ಹರಿದು ಒಣಗಿದ್ದರೆ, ಎಪಾಕ್ಸಿ ಉಂಡೆ ಮೆತ್ತಿದ್ದರೆ, ಯಾರೋ ಮನೆಯಲ್ಲೇ ರಿಪೇರಿ ಮಾಡಿದ್ದಾರೆ. ಬೆರಳ ತುದಿಯಿಂದ ಟಾಪ್ ಮೇಲೆ ಮೆಲ್ಲಗೆ ತಟ್ಟಿ. ಎಲ್ಲಾದರೂ ಪರಪರ ಸದ್ದು ಬಂದರೆ ಒಂದು ಪಟ್ಟಿ ಬಿಟ್ಟಿದೆ.

ಸಣ್ಣ ಹಿಟ್ಟಿನಂಥ ಪುಡಿ ಕಂಡರೆ ಕೀಟ, ಮಣ್ಣಿನ ಗೆರೆ ಕಂಡರೆ ಗೆದ್ದಲು. ಅದನ್ನು ಮನೆಗೆ ತರುವುದೇ ಬೇಡ. ನಿಮ್ಮ ಬಾಕಿ ಗಿಟಾರ್‌ಗಳಿಗೂ ಅದೇ ಗತಿ.

ಹಂತ 3: ಲೇಬಲ್‌ನ ವಿಳಾಸದಿಂದ ವರ್ಷ ಹಿಡಿಯುವುದು

ಲೇಬಲ್‌ನಲ್ಲಿ ಎಲ್ಲರೂ ಮಾಡೆಲ್ ಹೆಸರು ಓದುತ್ತಾರೆ. ನಾನು ಮೊದಲು ಓದುವುದು ವಿಳಾಸ. ಮಾಡೆಲ್ ಹೆಸರನ್ನು ಕಂಪನಿ ಹತ್ತಾರು ವರ್ಷ ಹಾಗೇ ಇಟ್ಟುಕೊಳ್ಳಬಹುದು. ವಿಳಾಸ ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ.

ಭಾರತದ ಲೇಬಲ್‌ನಲ್ಲಿ ಆರಂಕಿ ಪಿನ್ ಇದ್ದರೆ 1972ರ ಆಗಸ್ಟ್ ನಂತರದ್ದು. ಅದಕ್ಕೂ ಮೊದಲು "ಕಲ್ಕತ್ತಾ-13", "ಬಾಂಬೆ-2" ಅಂತ ಬರೆಯುತ್ತಿದ್ದರು. "ಮುಂಬೈ" ಅಂತಿದ್ದರೆ 1995ರ ಈಚಿನದು, ಇಂಗ್ಲಿಷ್‌ನಲ್ಲಿ "ಕೋಲ್ಕತ್ತಾ" ಅಂತಿದ್ದರೆ 2001ರ ಈಚಿನದು. ನಮ್ಮ ಊರುಗಳಿಗೂ ಇದು ಅನ್ವಯಿಸುತ್ತದೆ. ಇಂಗ್ಲಿಷ್ ಸ್ಟಿಕ್ಕರ್‌ನಲ್ಲಿ "ಬೆಲ್ಗಾಮ್" ಹೋಗಿ "ಬೆಳಗಾವಿ", "ಬಿಜಾಪುರ್" ಹೋಗಿ "ವಿಜಯಪುರ" ಅಧಿಕೃತವಾಗಿದ್ದು 2014ರ ನವೆಂಬರ್ 1ರಿಂದ. ಜಿಎಸ್‌ಟಿ ನಂಬರ್ ಇದ್ದರೆ 2017ರ ಜುಲೈ ನಂತರದ್ದು.

ಹೊರದೇಶದ ಲೇಬಲ್‌ಗೂ ಹೀಗೇ ಲೆಕ್ಕ. ಅಮೆರಿಕದ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ನಂತರದ್ದು. "ಪಶ್ಚಿಮ ಜರ್ಮನಿ" ಅಂತಿದ್ದರೆ 1949ರಿಂದ 1990ರ ನಡುವಿನದು. ಯಮಹಾ ಕಂಪನಿಯ ಹೆಸರು 1987ರವರೆಗೆ ನಿಪ್ಪಾನ್ ಗಾಕ್ಕಿ. ಹಾಗಾಗಿ ಆ ಹೆಸರಿದ್ದರೆ ಅದಕ್ಕಿಂತ ಹಿಂದಿನದು.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಪಿನ್ ಕೋಡ್ ಇದ್ದರೆ 1972ರ ನಂತರ, ಸರಿ. ಆದರೆ ಇಲ್ಲದಿದ್ದರೆ 1972ಕ್ಕೂ ಮೊದಲು ಅಂತ ಅಲ್ಲ! ಪಿನ್ ಬಂದ ಮೇಲೂ ಹಳೇ ರೂಢಿಯಲ್ಲೇ ವಿಳಾಸ ಬರೆದವರು ಬೇಕಾದಷ್ಟು ಜನ. ಹಳೇ ಲೇಬಲ್ ಕಟ್ಟು ಮುಗಿಯುವವರೆಗೆ ಅದನ್ನೇ ಅಂಟಿಸುವುದೂ ಇರುತ್ತದೆ. ಇನ್ನೊಂದು ಮಾತು, ತಯಾರಕರ ಲೇಬಲ್ ಬೇರೆ, ಅಂಗಡಿಯ ಸ್ಟಿಕ್ಕರ್ ಬೇರೆ. ಅಂಗಡಿ ಸ್ಟಿಕ್ಕರ್ ಹೇಳುವುದು ಮಾರಿದ ಅಥವಾ ರಿಪೇರಿ ಮಾಡಿದ ಕಾಲವನ್ನು.

ಹಂತ 4: ಮರ ಸಾಲಿಡ್ಡಾ, ಪ್ಲೈವುಡ್ಡಾ?

ಸೌಂಡ್ ಹೋಲ್‌ನ ಅಂಚಿಗೆ ಟಾರ್ಚ್ ಹಿಡಿಯಿರಿ. ಟಾಪ್ ಮೇಲಿನ ಗೆರೆಗಳು ಅಂಚಿನಲ್ಲಿ ಇಳಿದು ಒಳಗಿನವರೆಗೆ ಒಂದೇ ಸಮನೆ ಹೋಗಿದ್ದರೆ ಸಾಲಿಡ್, ಅಂದರೆ ಪದರಗಳಿಲ್ಲದ ಇಡೀ ಮರ. ಚಿರೋಟಿ ಹಾಗೆ ಪದರ ಪದರ ಕಂಡು, ನಡುವಿನ ಪದರದ ಗೆರೆ ಬೇರೆ ದಿಕ್ಕಿಗೆ ಇದ್ದರೆ ಪ್ಲೈವುಡ್. ಅಂಚಿಗೆ ಪ್ಲಾಸ್ಟಿಕ್ ಉಂಗುರ ಇದ್ದರೆ ಬ್ರಿಡ್ಜ್‌ನ ಒಂದು ಪಿನ್ ಕಿತ್ತು ಆ ತೂತಿನ ಗೋಡೆ ನೋಡಿ.

ಹಿಂಭಾಗಕ್ಕೆ ಬೇರೆ ಉಪಾಯ. ಹೊರಗೆ ಎದ್ದು ಕಾಣುವ ಒಂದು ಕಪ್ಪು ಗೆರೆ ಅಥವಾ ಗಂಟು ಆರಿಸಿಕೊಳ್ಳಿ. ಒಳಗೆ ಅದೇ ಜಾಗದಲ್ಲಿ ಅದು ಕಾಣಬೇಕು. ಕಾಣದಿದ್ದರೆ ಪ್ಲೈ.

ಪ್ಲೈವುಡ್ ಅಂದ ತಕ್ಷಣ ಮುಖ ಸಿಂಡರಿಸಬೇಡಿ. 1966ರಲ್ಲಿ ಬಂದ ಯಮಹಾ ಎಫ್‌ಜಿ-180ರ ಟಾಪ್ ಪ್ಲೈವುಡ್ಡೇ. ಆ ಕೆಂಪು ಲೇಬಲ್‌ನ ಗಿಟಾರ್‌ಗಾಗಿ ಸಂಗ್ರಹಕಾರರು ಇವತ್ತಿಗೂ ಹುಡುಕಾಡುತ್ತಾರೆ. ಈಗಿನ ಕಲಿಯುವವರ ಯಮಹಾ ಎಫ್310 ಕೂಡ ಪ್ಲೈ. ನಮ್ಮ ಕಡೆಯ ಹವೆಗೆ ಪ್ಲೈ ಒಂದು ಥರ ಒಳ್ಳೆಯದೇ, ಬೇಗ ಬಿರಿಯುವುದಿಲ್ಲ. ಪ್ಲೈಗೆ ಸಾಲಿಡ್ ಬೆಲೆ ಕೊಡಬಾರದು, ಅಷ್ಟೇ.

"ಬ್ರೆಜಿಲ್ ರೋಸ್‌ವುಡ್" ಅಂತ ಯಾರಾದರೂ ಅಂದರೆ ನಿಧಾನ ಮಾಡಿ. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ ತನ್ನ ಡಿ-28 ಮಾಡೆಲ್‌ಗೆ ಬ್ರೆಜಿಲ್ ಮರ ಬಿಟ್ಟು ಭಾರತದ ರೋಸ್‌ವುಡ್‌ಗೆ ಬಂದಿದ್ದು 1969ರ ಸುಮಾರಿಗೆ. ಅಂದರೆ ನಮ್ಮ ಬೀಟೆ ಮರ. ಬ್ರೆಜಿಲ್ ಮರ 1992ರಿಂದ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಬೀಟೆಯನ್ನು 2017ರ ಜನವರಿಯಲ್ಲಿ ಎರಡನೇ ಪಟ್ಟಿಗೆ ಸೇರಿಸಿದರು. ಆದರೆ ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಇದೆ. ಬಣ್ಣ ನೋಡಿ ಎರಡನ್ನೂ ಬೇರೆ ಮಾಡುತ್ತೇನೆ ಅನ್ನುವವರನ್ನು ನಂಬಬೇಡಿ. ಫೋಟೋ ನೋಡಿ ಹೇಳುವವರನ್ನಂತೂ ನಂಬಲೇಬೇಡಿ.

ಹಂತ 5: ಕುತ್ತಿಗೆ ಮತ್ತು ಬ್ರಿಡ್ಜ್

ದುಡ್ಡು ಉಳಿಯುವುದು ಅಥವಾ ಮುಳುಗುವುದು ಈ ಹಂತದಲ್ಲಿ. ಇದಕ್ಕೆ ಹದಿನೈದು ನಿಮಿಷ ಇಟ್ಟುಕೊಳ್ಳಿ.

ತಂತಿಯನ್ನು ಮತ್ತೆ ಶ್ರುತಿಗೆ ತನ್ನಿ. ಸಡಿಲ ತಂತಿಯಲ್ಲಿ ಅಳೆದರೆ ಎಲ್ಲ ಗಿಟಾರೂ ಚೆನ್ನಾಗಿಯೇ ಕಾಣುತ್ತದೆ. 12ನೇ ಫ್ರೆಟ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಫ್ರೆಟ್‌ನ ನೆತ್ತಿಯಿಂದ ತಂತಿಯ ಕೆಳ ಅಂಚಿನವರೆಗೆ ಅಳೆಯಿರಿ. ಸ್ಕೇಲ್‌ನ ಸೊನ್ನೆ ತುದಿಯಿಂದಲೇ ಶುರುವಾಗುತ್ತಾ ನೋಡಿಕೊಳ್ಳಿ. ದಪ್ಪ ತಂತಿಗೆ ಸುಮಾರು 2.5 ಮಿಲಿಮೀಟರ್, ತೆಳು ತಂತಿಗೆ 2ರ ಹತ್ತಿರ ಇದ್ದರೆ ಆರಾಮ. 4 ದಾಟಿದರೆ ಕಾರಣ ಹುಡುಕಬೇಕು.

ಈಗ ಅರ್ಧ ಮೀಟರ್ ಸ್ಕೇಲನ್ನು ಮೂರನೇ ಮತ್ತು ನಾಲ್ಕನೇ ತಂತಿಯ ನಡುವೆ ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಡ್ಜ್ ಕಡೆ ಜಾರಿಸಿ. ಅದರ ತುದಿ ಬ್ರಿಡ್ಜ್ ಮರದ ಮೇಲ್ಮೈಗೆ ಸವರಿದಂತೆ ಬರಬೇಕು, ಇಲ್ಲವೇ ಕೂದಲಷ್ಟು ಮೇಲಿರಬೇಕು. ಬ್ರಿಡ್ಜ್ ಮರದ ಮುಂಭಾಗಕ್ಕೆ ಹೋಗಿ ಡಿಕ್ಕಿ ಹೊಡೆದರೆ ಕುತ್ತಿಗೆ ಮುಂದಕ್ಕೆ ವಾಲಿದೆ. ಅದನ್ನು ಬಿಚ್ಚಿ, ಕೋನ ಸರಿ ಮಾಡಿ, ಮತ್ತೆ ಕೂರಿಸಬೇಕು. ಒಂದು ಸಾಧಾರಣ ಗಿಟಾರ್‌ಗೆ ಈ ಕೆಲಸದ ಖರ್ಚು ಗಿಟಾರಿನ ಬೆಲೆಗಿಂತ ಜಾಸ್ತಿಯಾಗುತ್ತದೆ.

ಮಾರುವವರು ಇದನ್ನು ಮುಚ್ಚುವ ಒಂದು ದಾರಿ ಇದೆ. ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿ, ಅದೇ ಸ್ಯಾಡಲ್, ಅದನ್ನು ತಿಕ್ಕಿ ತಿಕ್ಕಿ ಗಿಡ್ಡ ಮಾಡುತ್ತಾರೆ. ತಂತಿ ಕೆಳಗಿಳಿಯುತ್ತದೆ, ನುಡಿಸಲು ಹಗುರ ಅನ್ನಿಸುತ್ತದೆ. ಹಾಗಾಗಿ ತಂತಿಯ ಎತ್ತರ ಮಾತ್ರ ನೋಡಿ ಖುಷಿ ಪಡಬೇಡಿ, ಸ್ಯಾಡಲ್ ಎಷ್ಟು ಉಳಿದಿದೆ ನೋಡಿ. ಮರದ ಮೇಲೆ ಎರಡು ಮೂರು ಮಿಲಿಮೀಟರ್ ಇದ್ದರೆ ಸರಿ. ಉಗುರಂಚಿನಷ್ಟೇ ಉಳಿದಿದ್ದರೆ ಮುಂದಿನ ರಿಪೇರಿ ನಿಮ್ಮ ತಲೆಗೆ.

ಇನ್ನು ಬಸ್ ಟಿಕೆಟ್. ಬ್ರಿಡ್ಜ್‌ನ ಹಿಂದಿನ ಅಂಚಿಗೆ ಟಿಕೆಟ್‌ನ ಮೂಲೆ ತೂರಿಸಿ. ಒಳಗೆ ಹೋಗಬಾರದು. ಹೋದರೆ ಬ್ರಿಡ್ಜ್ ಏಳುತ್ತಿದೆ. ಬ್ರಿಡ್ಜ್ ಹಿಂದೆ ಟಾಪ್ ಸ್ವಲ್ಪ ಉಬ್ಬಿರುವುದು ಸಹಜ. ಬ್ರಿಡ್ಜ್‌ಗೂ ಸೌಂಡ್ ಹೋಲ್‌ಗೂ ನಡುವೆ ಗುಂಡಿ ಬಿದ್ದಿರುವುದು ಸಹಜವಲ್ಲ.

ಬ್ರಿಡ್ಜ್‌ಗೆ ಬೋಲ್ಟ್ ಬಿಗಿದಿದ್ದರೆ? ಹೆಚ್ಚಿನ ಸಲ ಅದು ಬಡಗಿಯ ರಿಪೇರಿ. ಆದರೆ ಗಿಬ್ಸನ್‌ನಂಥ ಕಂಪನಿಗಳು ಕೆಲವು ಮಾಡೆಲ್‌ಗಳಿಗೆ ತಾವೇ ಬೋಲ್ಟ್ ಹಾಕಿ, ಮೇಲೆ ಪುಟ್ಟ ಬಿಳಿ ಚುಕ್ಕಿ ಮುಚ್ಚಿದ್ದೂ ಇದೆ. ಹಾಗಾಗಿ ಬೋಲ್ಟ್ ಕಂಡ ತಕ್ಷಣ ತೀರ್ಪು ಕೊಡಬೇಡಿ.

ಕೊನೆಗೆ ಟ್ರಸ್ ರಾಡ್. ಕುತ್ತಿಗೆಯೊಳಗಿನ ಈ ಕಬ್ಬಿಣದ ಸರಳು ಸರಿ ಮಾಡುವುದು ಕುತ್ತಿಗೆಯ ಬಾಗನ್ನು, ಅದು ಬಾಡಿಗೆ ಕೂತ ಕೋನವನ್ನಲ್ಲ. ತಂತಿ ಮೇಲಿದೆ ಅಂತ ಕೀಲಿ ಹಾಕಿ ತಿರುಗಿಸುತ್ತಾ ಹೋಗಿ ಸರಳು ಮುರಿದವರು ನನಗೇ ಇಬ್ಬರು ಗೊತ್ತು. ಹಳೇ ಮಾರ್ಟಿನ್‌ಗಳಲ್ಲಿ ತಿರುಗಿಸುವ ಸರಳು ಇರುವುದೇ ಇಲ್ಲ, ಅವರು ಅದನ್ನು ತಂದಿದ್ದು 1985ರಲ್ಲಿ. ಅಲ್ಲಿ ಕೀಲಿ ತೂರುವ ತೂತು ಹುಡುಕಬೇಡಿ.

ಹಂತ 6: ಪಾಲಿಶ್, ಕೀಲಿ, ಸ್ಕ್ರೂ

ಇದನ್ನು ಬೇಗ ಮುಗಿಸಬಹುದು. ಕೋಣೆ ಕತ್ತಲೆ ಮಾಡಿ ನೇರಳೆ ಟಾರ್ಚ್ ಬಿಡಿ. ಹಳೇ ಲ್ಯಾಕರ್ ಪಾಲಿಶ್ ಹಸಿರು-ಹಳದಿ ಛಾಯೆಯಲ್ಲಿ ಹೊಳೆಯುತ್ತದೆ. ನಡುವೆ ಎಲ್ಲಾದರೂ ಕಪ್ಪು ತೇಪೆ ಕಂಡರೆ ಅಲ್ಲಿ ಮತ್ತೆ ಪಾಲಿಶ್ ಹೊಡೆದಿದ್ದಾರೆ. ಹೆಚ್ಚಾಗಿ ಅದು ತಲೆ ಮತ್ತು ಕುತ್ತಿಗೆ ಸೇರುವ ಜಾಗ, ಮುರಿದು ಅಂಟಿಸಿದ್ದು. ಅಸಿಟೋನ್ ಹಚ್ಚಿ ಪರೀಕ್ಷೆ ಮಾಡುವ ಬುದ್ಧಿವಂತಿಕೆ ಬೇಡ. ಪಾಲಿಶೇ ಎದ್ದು ಬರುತ್ತದೆ.

ತಲೆಯಲ್ಲಿ ತಂತಿ ಬಿಗಿಯುವ ಕೀಲಿಗಳ ಪಕ್ಕ ಹಳೇ ಸ್ಕ್ರೂ ತೂತು, ಬೇರೆ ಆಕಾರದ ನೆರಳು ಕಂಡರೆ ಕೀಲಿ ಬದಲಾಗಿವೆ. ಅದು ದೋಷವಲ್ಲ. "ಎಲ್ಲಾ ಒರಿಜಿನಲ್" ಅನ್ನುವ ಮಾತು ಮಾತ್ರ ಸುಳ್ಳು.

ಹಂತ 7: ಈಗ ತಲೆ ನೋಡಿ

ಹೆಸರನ್ನು ಅಕ್ಷರ ಅಕ್ಷರ ಓದಿ. ಗಿಬ್ಸನ್ ಅಮೆರಿಕದ್ದು, ಗಿವ್ಸನ್ ಕೋಲ್ಕತ್ತಾದ್ದು. ಹಾಫ್ನರ್ ಮತ್ತು ಹೋನರ್ ಎರಡೂ ಜರ್ಮನ್ ಹೆಸರುಗಳು, ಬೇರೆ ಬೇರೆ ಕಂಪನಿ. ಹಾಬ್ನರ್ ಭಾರತದ್ದು. ಭಾರತದ್ದು ಅಂದ ಮಾತ್ರಕ್ಕೆ ಕಳಪೆ ಅಲ್ಲ. ನಮ್ಮ ಭಾಗದಲ್ಲಿ ಎಷ್ಟೋ ಜನ ಮೊದಲ ಕಾರ್ಡ್ (ಸ್ವರಗುಚ್ಛ) ಹಿಡಿದದ್ದು ಅವುಗಳ ಮೇಲೆಯೇ. ಒಂದಕ್ಷರ ತಪ್ಪಿ ಓದಿದರೆ ಬೆಲೆ ನೂರು ಪಟ್ಟು ಏರುಪೇರಾಗುತ್ತದೆ, ಅದಕ್ಕೆ ಹೇಳಿದ್ದು.

ಮಾರ್ಟಿನ್ ಆದರೆ ಸಂಖ್ಯೆ ಒಳಗಿನ ಬ್ಲಾಕ್ ಮೇಲೆ ಒತ್ತಿರುತ್ತದೆ. 1898ರಲ್ಲಿ 8000ದಿಂದ ಶುರು ಮಾಡಿ ಒಂದೇ ಸಾಲಿನಲ್ಲಿ ಬಂದಿದ್ದಾರೆ. 1940ರ ಕೊನೆಗೆ 76 ಸಾವಿರ ದಾಟಿತ್ತು, 1960ಕ್ಕೆ 1 ಲಕ್ಷ 75 ಸಾವಿರ, 1970ಕ್ಕೆ 2 ಲಕ್ಷ 71 ಸಾವಿರ. ಹತ್ತು ಲಕ್ಷ ಮುಟ್ಟಿದ್ದು 2004ರಲ್ಲಿ. "1950ರ ಮಾರ್ಟಿನ್" ಅಂತ ತೋರಿಸಿದ ಗಿಟಾರಿನ ಸಂಖ್ಯೆ ಏಳಂಕಿ ಇದ್ದರೆ ಮಾತು ಮುಂದುವರಿಸುವುದು ಬೇಡ.

ಗಿಬ್ಸನ್ ಸಂಖ್ಯೆ ತಲೆ ನೋವು. 1960ರ ದಶಕದಲ್ಲಿ ಒಂದೇ ಸಂಖ್ಯೆಯನ್ನು ಹಲವು ಸಲ ಬಳಸಿದ್ದಾರೆ, ಅದರಿಂದ ವರ್ಷ ಸಿಗುವುದಿಲ್ಲ. 1977ರಿಂದ 2005ರವರೆಗಿನ ಎಂಟಂಕಿ ಮಾತ್ರ ಸುಲಭ. ಮೊದಲ ಮತ್ತು ಐದನೇ ಅಂಕಿ ಸೇರಿ ವರ್ಷ, ನಡುವಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನುವುದು. 81235012 ಅಂತಿದ್ದರೆ 1985ರ 123ನೇ ದಿನ, ಅಂದರೆ ಮೇ 3. ಅಪವಾದ 1994, ಆ ವರ್ಷದವು 94ರಿಂದಲೇ ಶುರುವಾಗುತ್ತವೆ. ತಲೆಯ ಹಿಂದೆ "ಮೇಡ್ ಇನ್ ಯುಎಸ್‌ಎ" ಒತ್ತಿದ್ದು ಕಂಡರೆ ಸಾಮಾನ್ಯವಾಗಿ 1970ರಿಂದ ಈಚಿನದು.

ಈಗ ಎರಡು, ಮೂರು, ನಾಲ್ಕನೇ ಹಂತದಲ್ಲಿ ಬರೆದುಕೊಂಡದ್ದರ ಪಕ್ಕದಲ್ಲಿ ಈ ಹೆಸರು, ಸಂಖ್ಯೆ ಇಡಿ. ಎಲ್ಲವೂ ಒಂದೇ ಕಾಲ ಹೇಳಬೇಕು. ಒಂದು ಸಾಕ್ಷಿ ತಿರುಗಿಬಿದ್ದರೂ ಅದನ್ನು ನಂಬಿ, ಹೆಸರನ್ನಲ್ಲ.

ಹಂತ 8: ಎರಡು ಗಿಟಾರ್ ಹೋಲಿಸುವಾಗ

ಹೊಸ ತಂತಿಯ ಹೊಸ ಗಿಟಾರ್ ಪಕ್ಕ ತುಕ್ಕು ತಂತಿಯ ಹಳೇ ಗಿಟಾರ್ ಇಟ್ಟು "ಹಳೇದರ ದನಿ ಡಲ್" ಅನ್ನುತ್ತಾರೆ. ಎರಡಕ್ಕೂ ಒಂದೇ ಕಂಪನಿಯ, ಒಂದೇ ದಪ್ಪದ ಹೊಸ ತಂತಿ ಹಾಕಿ. ಹಳೆಯದಕ್ಕೆ ಹೆದರಿಕೆ ಇದ್ದರೆ ಎರಡಕ್ಕೂ ತೆಳು ಸೆಟ್ ಸಾಕು.

ಆಮೇಲೆ ತಂತಿಯ ಉದ್ದ ಅಳೆಯಿರಿ. ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿ. ಮಾರ್ಟಿನ್ ಡ್ರೆಡ್‌ನಾಟ್ 645 ಮಿಲಿಮೀಟರ್, ಗಿಬ್ಸನ್ ಜೆ-45 ಸುಮಾರು 628, ಯಮಹಾ ಎಫ್310 634. ಉದ್ದ ಕಮ್ಮಿ ಇದ್ದರೆ ಅದೇ ತಂತಿ ಬೆರಳಿಗೆ ಮೆತ್ತಗೆ ಸಿಗುತ್ತದೆ. ಆ ಮೆತ್ತಗೆಯನ್ನೇ ಜನ "ಹಳೇ ಮರದ ಗುಣ" ಅಂದುಕೊಳ್ಳುತ್ತಾರೆ.

ಖಾಲಿ ಹಾಲ್‌ನಲ್ಲಿ ಕೇಳಬೇಡಿ. ಗೋಲಗುಮ್ಮಟದಲ್ಲಿ ಎಣ್ಣೆ ಡಬ್ಬಿ ಬಡಿದರೂ ಏಳು ಸಲ ಕೇಳಿಸುತ್ತದೆ ಅಲ್ವಾ? ಹಾಸಿಗೆ, ಪರದೆ ಇರುವ ಕೋಣೆ ಸರಿ. ಗೆಳೆಯರ ಕೈಗೆ ಕೊಟ್ಟು, ನೀವು ಬೆನ್ನು ತಿರುಗಿಸಿ ಕೂತು ಕೇಳಿ. ನನ್ನ ಜರ್ಮನ್ ಅಲ್ಲದ ಗಿಟಾರ್ ಹೀಗೆ ಕೇಳಿದಾಗ ಎರಡು ಸಲ ಗೆದ್ದಿದೆ. ಕೊಟ್ಟ ದುಡ್ಡಿನ ಹೊಟ್ಟೆಯುರಿ ಸ್ವಲ್ಪ ಕಮ್ಮಿ ಆಯಿತು.

ಹಂತ 9: ಮನೆಗೆ ತಂದ ಮೇಲೆ

ಒಂದು ನೋಟ್‌ಬುಕ್ ಇಡಿ. ಪ್ರತಿ ಗಿಟಾರ್‌ಗೆ ಒಂದು ಪುಟ. ಲೇಬಲ್, ಬ್ಲಾಕ್, ತಲೆಯ ಫೋಟೋ, ತಂತಿಯ ಉದ್ದ, 12ನೇ ಫ್ರೆಟ್ ಎತ್ತರ, ಸ್ಯಾಡಲ್ ಎಷ್ಟು ಉಳಿದಿದೆ, ಎಲ್ಲವನ್ನೂ ತಾರೀಖು ಹಾಕಿ ಬರೆಯಿರಿ. ಮಾರಿದವರು ಹೇಳಿದ ಕಥೆಯನ್ನೂ ಬರೆಯಿರಿ, ಆದರೆ ಬೇರೆ ಬಣ್ಣದ ಪೆನ್ನಲ್ಲಿ.

ರಿಪೇರಿಗೆ ಮಿರಜಕ್ಕೆ ಒಯ್ಯಲೇ ಅಂತ ಬಹಳ ಜನ ಕೇಳುತ್ತಾರೆ. ಅಲ್ಲಿನ ಕೈಗಳು ಸಿತಾರ್, ತಂಬೂರಿಗೆ ಹೆಸರಾದವು. ಸ್ಟೀಲ್ ಗಿಟಾರಿನ ಕುತ್ತಿಗೆ ಬಿಚ್ಚುವ ಕೆಲಸ ಬೇರೆ. ಮೊದಲು ಮಾಡಿದ್ದಾರಾ ಅಂತ ಕೇಳಿಕೊಂಡೇ ಕೊಡಿ.

ಗಾಳಿಯ ತೇವ 45ರಿಂದ 55 ಶೇಕಡಾ ಇದ್ದರೆ ಗಿಟಾರ್‌ಗೆ ಹಿತ. ಬೆಳಗಾವಿಯ ಜೂನ್‌-ಸೆಪ್ಟೆಂಬರ್ ಮಳೆಯಲ್ಲಿ ಅದು ಕನಸು. ಕೇಸ್‌ನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರಗೋಡೆಗೆ ಒರಗಿಸಬೇಡಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್‌ನಲ್ಲಿ ಉಲ್ಟಾ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಚೆನ್ನಾಗಿ ಹಿಂಡಿ, ಕೇಸ್‌ನಲ್ಲಿಡಿ. ಕುತ್ತಿಗೆಯ ಅಂಚಿನಲ್ಲಿ ಫ್ರೆಟ್ ತುದಿ ಕೈಗೆ ಚುಚ್ಚಲು ಶುರುವಾದರೆ ಮರ ಒಣಗುತ್ತಿದೆ. ಮುಂದಿನದು ಬಿರುಕು. ತಗಡಿನ ಮಾಡಿನ ಅಟ್ಟದ ಮೇಲೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಯಾವ ಕಾಲದಲ್ಲೂ ಇಡಬೇಡಿ.

ತಂದ ಹದಿನೈದು ದಿನ ಏನೂ ತಿರುಗಿಸಬೇಡಿ. ಆಮೇಲೆ ಎತ್ತರ ಮತ್ತೆ ಅಳೆದು ಅದೇ ಪುಟದಲ್ಲಿ ಬರೆಯಿರಿ, ಜುಲೈಗೊಮ್ಮೆ, ಜನವರಿಗೊಮ್ಮೆ. ಜುಲೈನಲ್ಲಿ ಅರ್ಧ ಮಿಲಿಮೀಟರ್ ಏರಿ ಜನವರಿಯಲ್ಲಿ ಇಳಿದರೆ ಅದು ಹವೆ. ಏರಿದ್ದು ಇಳಿಯದೇ ಹೋದರೆ ಮಾತ್ರ ಐದನೇ ಹಂತಕ್ಕೆ ವಾಪಸ್ ಹೋಗಿ, ಉದ್ದದ ಸ್ಕೇಲ್ ತೆಗೆಯಿರಿ.